ಬೀದಿಗಿಳಿದು ನಕ್ಷೆ ತುಂಬಲು ಯಾವ ಆ್ಯಪ್? ಮೈಸೂರು, ಮಂಡ್ಯದಲ್ಲಿ ಬಳಸುವವರಿಗೆ ಒಂದು ವಿಮರ್ಶೆ

ಎಲ್ಲರೂ ಸೇರಿ ತುಂಬುವ ಓಪನ್‌ಸ್ಟ್ರೀಟ್‌ಮ್ಯಾಪ್ ಎನ್ನುವ ನಕ್ಷೆಗೆ ಮಾಹಿತಿ ಸೇರಿಸುವ ನಾಲ್ಕು ಆ್ಯಪ್‌ಗಳ ಮಾತು ಇದು. ತೀರ್ಪು ಮೊದಲೇ ಹೇಳಿಬಿಡೋಣ. ಅಂಗಡಿ ಸಾಲಿಗೆ ಎವ್ರಿ ಡೋರ್. ಬಡಾವಣೆಯ ರಸ್ತೆ, ಬೀದಿದೀಪ, ಮೆಟ್ಟಿಲು, ಫುಟ್‌ಪಾತ್‌ಗೆ ಸ್ಟ್ರೀಟ್‌ಕಂಪ್ಲೀಟ್. ನಕ್ಷೆಯಲ್ಲೇ ಇಲ್ಲದ ದಾರಿಯನ್ನು ಹೊಸದಾಗಿ ಎಳೆಯಬೇಕೆಂದರೆ ಈ ಎರಡರಿಂದಲೂ ಆಗುವುದಿಲ್ಲ. ಅದು ಮಂಡ್ಯದ ನಾಲೆ ಏರಿಯಾದರೂ ಸರಿ, ಲಕ್ಷ್ಮೀಪುರದ ಮನೆಗಳ ಹಿಂದಿನ ಕನ್ಸರ್ವೆನ್ಸಿ ಗಲ್ಲಿಯಾದರೂ ಸರಿ, ಫೋನಿನಲ್ಲೇ ಮುಗಿಸುವವರಿಗೆ ವೆಸ್ಪುಚಿ, ಮನೆಗೆ ಬಂದು ಕಂಪ್ಯೂಟರ್ ಮುಂದೆ ಕೂರುವವರಿಗೆ ಬ್ರೌಸರಿನಲ್ಲೇ ತೆರೆಯುವ ಐಡಿ (iD) ಎನ್ನುವ ಸಂಪಾದಕ. ನಾಲ್ಕೂ ಪುಕ್ಕಟೆ, ನಾಲ್ಕರಲ್ಲೂ ಜಾಹೀರಾತಿಲ್ಲ, ನಾಲ್ಕರಿಂದಲೂ ಮಾಹಿತಿ ಹೋಗಿ ಸೇರುವುದು ಒಂದೇ ಕಣಜಕ್ಕೆ: ಓಪನ್‌ಸ್ಟ್ರೀಟ್‌ಮ್ಯಾಪ್.

ಈ ಹೆಸರು ಹೊಸದಾದವರಿಗೆ ಎರಡು ಮಾತು. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಶುರು ಮಾಡಿದ ನಕ್ಷೆ ಇದು. ಖಾತೆ ತೆರೆದ ಯಾರು ಬೇಕಾದರೂ ತಿದ್ದಬಹುದು, ಮೂಲ ಹೇಳಿ ಯಾರು ಬೇಕಾದರೂ ಬಳಸಬಹುದು. ಆರ್ಗ್ಯಾನಿಕ್ ಮ್ಯಾಪ್ಸ್, ಓಎಸ್‌ಎಂ‌ಆ್ಯಂಡ್ ತರಹದ ಆಫ್‌ಲೈನ್ ನಕ್ಷೆಗಳೆಲ್ಲ ಇದರ ಮೇಲೇ ನಿಂತಿವೆ. ನೀವು ಕುವೆಂಪುನಗರದ ಒಂದು ಮೆಡಿಕಲ್ ಸ್ಟೋರನ್ನು ಒಮ್ಮೆ ಸೇರಿಸಿದರೆ ಅದು ಆ ಎಲ್ಲ ಕಡೆಯೂ ಬರುತ್ತದೆ. ತಪ್ಪಾಗಿ ಸೇರಿಸಿದರೂ ಎಲ್ಲ ಕಡೆಯೂ ಬರುತ್ತದೆ ಎನ್ನುವುದನ್ನು ಮರೆಯಬಾರದು.

ನಮ್ಮ ಕಡೆ ಆಗುವ ತಪ್ಪುಗಳಿಗೆ ಬಹುಪಾಲು ಕಾರಣ ಆ್ಯಪ್ ಅಲ್ಲ, ಭಾಷೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಟ್ಯಾಗುಗಳು, ಅಂದರೆ ಒಂದು ಜಾಗ ಏನೆಂದು ಹೇಳುವ ಗುರುತಿನ ಪದಗಳು, ಬ್ರಿಟಿಷ್ ಇಂಗ್ಲಿಷಿನವು. ಮೈಸೂರಿನಲ್ಲಿ ನಾವು ದಿನಾ ಆಡುವ ಇಂಗ್ಲಿಷ್ ಪದಗಳ ಅರ್ಥವೇ ಬೇರೆ. ಪದ ಒಂದೇ ಕಂಡಿತೆಂದು ಒತ್ತಿಬಿಟ್ಟರೆ ಕೆಟ್ಟಿತು.

ಮೊದಲ ಉದಾಹರಣೆ ಹೋಟೆಲ್. ಇಡ್ಲಿ, ದೋಸೆ ಸಿಗುವುದು ನಮಗೆ ಹೋಟೆಲ್. ಆ್ಯಪ್‌ನ ಹೋಟೆಲ್ ಎಂದರೆ ಹಾಸಿಗೆ ಹಾಕಿ ಮಲಗಿಸುವ ಜಾಗ, ಅಂದರೆ ನಮ್ಮ ಲಾಡ್ಜ್. ಬೋರ್ಡಿನಲ್ಲಿ ‘ಹೋಟೆಲ್’ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರೂ, ಒಳಗೆ ಕೂತು ತಿನ್ನುವ ಜಾಗವಾದರೆ ‘ರೆಸ್ಟೋರೆಂಟ್’ ಆರಿಸಬೇಕು, ಟೋಕನ್ ತಗೊಂಡು ನಿಂತು ತಿನ್ನುವ ದರ್ಶಿನಿಯಾದರೆ ‘ಫಾಸ್ಟ್ ಫುಡ್’. ಹೆಸರಿನ ಜಾಗದಲ್ಲಿ ಮಾತ್ರ ಬೋರ್ಡಿನಲ್ಲಿದ್ದಂತೆ ‘ಹೋಟೆಲ್’ ಸೇರಿಸಿಯೇ ಬರೆಯಿರಿ. ವಿದ್ಯಾರ್ಥಿಗಳ ಮೆಸ್ ಕೂಡ ರೆಸ್ಟೋರೆಂಟೇ. ‘ಮೆಡಿಕಲ್’ ಎಂದು ಹುಡುಕಿದರೆ ಏನೇನೋ ಬರುತ್ತದೆ, ಬೇಕಾದ್ದು ‘ಫಾರ್ಮಸಿ’. ಪ್ರಾವಿಜನ್ ಸ್ಟೋರಿಗೆ ‘ಕನ್ವೀನಿಯೆನ್ಸ್’. ಜೆರಾಕ್ಸ್ ಅಂಗಡಿಗೆ ‘ಕಾಪಿ ಶಾಪ್’. ನಂದಿನಿ ಹಾಲಿನ ಬೂತಿಗೆ ‘ಡೈರಿ’, ಬ್ರ್ಯಾಂಡ್ ಜಾಗದಲ್ಲಿ ನಂದಿನಿ. ಪೂಜಾ ಸಾಮಗ್ರಿ ಅಂಗಡಿಗೆ ‘ರಿಲಿಜಿಯಸ್ ಸ್ಟೋರ್’. ಕಲ್ಯಾಣ ಮಂಟಪಕ್ಕೆ ‘ಈವೆಂಟ್ಸ್ ವೆನ್ಯೂ’. ಅರಳಿಕಟ್ಟೆಯ ನಾಗರಕಲ್ಲು ದೇವಸ್ಥಾನವಲ್ಲ, ‘ವೇಸೈಡ್ ಶ್ರೈನ್’. ಮರವನ್ನು ಬೇರೆಯದೇ ಚುಕ್ಕೆಯಾಗಿ ಹಾಕಿ.

ಈ ಪಟ್ಟಿ ಬಾಯಿಗೆ ಬಂದರೆ ಅರ್ಧ ಕೆಲಸ ಮುಗಿದಂತೆ. ಇನ್ನರ್ಧ ಆ್ಯಪ್‌ಗಳದು.

ಎವ್ರಿ ಡೋರ್: ಅಂಗಡಿ ಬೀದಿಗೆ ಇದೇ

ಇಲ್ಯಾ ಜ್ವೆರೆವ್ ಬರೆದ ಆ್ಯಪ್ ಇದು. ಆ್ಯಂಡ್ರಾಯ್ಡ್, ಐಫೋನ್ ಎರಡಕ್ಕೂ ಇದೆ. ಅಂಗಡಿಗಳ ಮೋಡ್ ತೆರೆದರೆ ಪರದೆಯ ಮೇಲೆ ನಕ್ಷೆ, ಕೆಳಗೆ ನೀವು ನಿಂತ ಜಾಗದ ಸುತ್ತ ಈಗಾಗಲೇ ದಾಖಲಾದ ಅಂಗಡಿಗಳ ಪಟ್ಟಿ. ಅಂಗಡಿ ಇದ್ದ ಹಾಗೇ ಇದ್ದರೆ ಪಕ್ಕದ ಟಿಕ್ ಒತ್ತಿ ಮುಂದೆ ಹೋಗಿ, ಆವತ್ತಿನ ತಾರೀಖಿಗೆ ‘ನೋಡಿ ಬಂದಿದೆ’ ಎಂದು ದಾಖಲಾಗುತ್ತದೆ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಪ್ಲಸ್ ಒತ್ತಿ, ಜಾಗ ಸರಿಮಾಡಿ, ಬಗೆ ಆರಿಸಿ, ಹೆಸರು ಬರೆಯಿರಿ. ಫೋನ್ ನಂಬರ್, ಸಮಯ, ಯಾವ ಮಹಡಿ ಎನ್ನುವುದೆಲ್ಲ ಅದೇ ಪುಟದಲ್ಲಿದೆ. ಕೈ ಪಳಗಿದವರಿಗೆ ಒಂದು ಅಂಗಡಿ ಒಂದು ನಿಮಿಷದೊಳಗಿನ ಕೆಲಸ. ಬೀದಿಯಲ್ಲಿ ನಡೆಯುತ್ತಾ ಇಷ್ಟು ಚುರುಕಾಗಿ ಕೆಲಸ ಮಾಡಿಸುವ ಬೇರೆ ಆ್ಯಪ್ ಇಲ್ಲ.

ಆದರೆ ಶಿವರಾಂಪೇಟೆಯಲ್ಲಿ ನಿಂತು ನೀಲಿ ಚುಕ್ಕೆಯನ್ನು ನಂಬಿದಿರೋ, ಮುಗಿಯಿತು. ಅಲ್ಲಿಯ ಸಣ್ಣ ಅಂಗಡಿಯ ಮುಖ ಎಂಟು-ಹತ್ತು ಅಡಿ, ಅಂದರೆ ಹೆಚ್ಚೆಂದರೆ ಸುಮಾರು ಮೂರು ಮೀಟರ್. ಬಯಲಿನಲ್ಲಿ ನಿಂತ ಫೋನಿನ ಜಿಪಿಎಸ್ ಸುಮಾರು ಐದು ಮೀಟರ್ ಆಚೀಚೆ ತೋರಿಸುವುದು ಸಹಜ. ಎರಡೂ ಕಡೆ ಕಟ್ಟಡ ಎದ್ದಿರುವ ಗಲ್ಲಿಯಲ್ಲಿ ಸಿಗ್ನಲ್ ಗೋಡೆಗೆ ಬಡಿದು ಬರುವುದರಿಂದ ಹತ್ತು-ಹದಿನೈದು ಮೀಟರ್ ಸರಿಯಬಹುದು. ಅಂದರೆ ಚುಕ್ಕೆ ನಾಲ್ಕು ಅಂಗಡಿ ಆಚೆ ಇರಬಹುದು, ರಸ್ತೆಯ ಎದುರು ಸಾಲಿಗೇ ದಾಟಿರಬಹುದು. ಇದಕ್ಕೆ ಉಪಾಯ: ಮೊದಲು ಸಾಲಿನ ಎರಡು ತುದಿಯ ಅಂಗಡಿಗಳನ್ನು ಉಪಗ್ರಹ ಚಿತ್ರದಲ್ಲಿ ಕಾಣುವ ಮೂಲೆಗೆ ಕೂರಿಸಿ. ಆಮೇಲೆ ಅಡ್ಡರಸ್ತೆಯ ಕಡೆಯಿಂದ ಎಣಿಸುತ್ತಾ ನಡುವಿನವನ್ನು ಸಮನಾಗಿ ಜೋಡಿಸಿ. ಅಳತೆ ಒಂದು ಮೀಟರ್ ಹೆಚ್ಚುಕಮ್ಮಿಯಾದರೆ ಯಾರೂ ಕೇಳುವುದಿಲ್ಲ, ಬೇಕರಿ ಆದಮೇಲೆ ಚಪ್ಪಲಿ ಅಂಗಡಿ, ಅದಾದಮೇಲೆ ಟೈಲರ್ ಎನ್ನುವ ಕ್ರಮ ತಪ್ಪಬಾರದು.

ದೇವರಾಜ ಮಾರುಕಟ್ಟೆಯ ಒಳಗಂತೂ ಉಪಗ್ರಹ ಚಿತ್ರದಲ್ಲಿ ಬರೀ ಚಾವಣಿ ಕಾಣುತ್ತದೆ, ಜಿಪಿಎಸ್ ಚಾವಣಿಯ ಕೆಳಗೆ ಅಲೆದಾಡುತ್ತದೆ. ಅಲ್ಲಿ ಬಾಗಿಲಿನಿಂದ ಸಾಲು ಎಣಿಸುವುದೊಂದೇ ದಾರಿ. ಹೂವಿನ ಸಾಲು, ವೀಳ್ಯದೆಲೆ ಸಾಲು, ಕುಂಕುಮದ ಸಾಲು ಎಂದು ಕಾಗದದಲ್ಲಿ ಗೀಚಿಕೊಂಡು ಹೊರಬಂದು ಕೂತು ಸೇರಿಸುವುದು ಒಳ್ಳೆಯದು. ತಳ್ಳುಗಾಡಿ ಸೇರಿಸಬೇಡಿ. ವರ್ಷಗಟ್ಟಲೆ ಅದೇ ಮೂಲೆ ಬಿಟ್ಟು ಕದಲದ ಪಾನಿಪೂರಿ ಗಾಡಿಯನ್ನು ಸೇರಿಸಿದರೆ ತಪ್ಪೇನಿಲ್ಲ.

ಮಹಡಿಯ ಲೆಕ್ಕದಲ್ಲಿ ನಾವು ಪುಣ್ಯವಂತರು. ನೆಲಮಹಡಿ ಸೊನ್ನೆ, ಮೆಟ್ಟಿಲು ಹತ್ತಿದರೆ ಒಂದು, ನಮ್ಮ ರೂಢಿಯೂ ಅದೇ. ದೇವರಾಜ ಅರಸು ರಸ್ತೆಯ ಕಾಂಪ್ಲೆಕ್ಸ್‌ಗಳಲ್ಲಿ ಒಂದರ ಮೇಲೊಂದು ಅಂಗಡಿಗಳಿರುವ ಕಡೆ ಇದನ್ನು ತುಂಬದೇ ಬಿಟ್ಟರೆ ಮುಂದಿನವರು ‘ಒಂದೇ ಜಾಗದಲ್ಲಿ ಎರಡು ಅಂಗಡಿ ಹೇಗೆ?’ ಎಂದು ಒಂದನ್ನು ಅಳಿಸಿಬಿಡುತ್ತಾರೆ.

ಎವ್ರಿ ಡೋರಿನ ದೊಡ್ಡ ಕಿರಿಕಿರಿ ಅಪ್‌ಲೋಡ್. ನೀವು ಮಾಡಿದ ತಿದ್ದುಪಡಿಗಳೆಲ್ಲ ಫೋನಿನಲ್ಲೇ ಉಳಿಯುತ್ತವೆ, ಮೇಲಿನ ಅಪ್‌ಲೋಡ್ ಗುಂಡಿ ಒತ್ತಿದಾಗ ಮಾತ್ರ ಹೋಗುತ್ತವೆ. ನೆಟ್‌ವರ್ಕ್ ಇಲ್ಲದ ಕಡೆ ಇದು ವರ, ಮರೆತರೆ ಶಾಪ. ಮೂರು ವಾರ ಬಿಟ್ಟು ಒತ್ತಿದರೆ, ಅಷ್ಟರಲ್ಲಿ ಬೇರೆಯವರು ಅದೇ ಅಂಗಡಿಯನ್ನು ತಿದ್ದಿರಬಹುದು. ಆ್ಯಪ್ ಅಳಿಸಿದರೆ ಕಾಯುತ್ತಿದ್ದ ತಿದ್ದುಪಡಿಗಳೂ ಅದರ ಜೊತೆಗೇ ಹೋಗುತ್ತವೆ. ಬೀದಿ ಮುಗಿದ ಮೇಲೆ ಕಾಫಿ ಕುಡಿಯಲು ಕೂತಾಗಲೇ ಒತ್ತಿ. ಅಪ್‌ಲೋಡ್ ಮಾಡಿದ ಮೇಲೆ ಫೋನಿನಲ್ಲಿದ್ದ ಆ ಜಾಗದ ಮಾಹಿತಿಯನ್ನು ಹೊಸದಾಗಿ ಇಳಿಸಿಕೊಂಡು ಮುಂದುವರಿಯಿರಿ. ಹಳೆಯ ಪಟ್ಟಿ ಇಟ್ಟುಕೊಂಡು ಕೆಲಸ ಮಾಡಿದರೆ ಜೋಡಿ ಚುಕ್ಕೆಗಳು ಹುಟ್ಟುತ್ತವೆ.

ಅಂಗಡಿ ಕೈಬದಲಾಗಿದ್ದರೆ ಹಳೆಯದನ್ನು ಅಳಿಸಿ ಹೊಸದನ್ನು ಹಾಕಬೇಕಿಲ್ಲ. ಅದೇ ಚುಕ್ಕೆಯ ಬಗೆ, ಹೆಸರು, ಸಮಯ, ಫೋನ್ ನಂಬರ್ ಬದಲಿಸಿ. ಹೊಸ ನಂಬರ್ ಗೊತ್ತಿಲ್ಲದಿದ್ದರೂ ಹಳೆಯದನ್ನಂತೂ ಮರೆಯದೆ ತೆಗೆಯಿರಿ. ಮೊಬೈಲ್ ಅಂಗಡಿಯಾದ ಮೇಲೂ ಹಳೆಯ ಬಟ್ಟೆ ಅಂಗಡಿಯವರ ನಂಬರ್ ಉಳಿದುಬಿಡುವುದು ಮಾಮೂಲು.

ಸಮಯ: ಅಮಾವಾಸ್ಯೆ ರಜೆಗೆ ಜಾಗವಿಲ್ಲ

ಎವ್ರಿ ಡೋರ್, ಸ್ಟ್ರೀಟ್‌ಕಂಪ್ಲೀಟ್ ಎರಡರಲ್ಲೂ ಸಮಯ ತುಂಬುವ ಪುಟ ಚೆನ್ನಾಗಿದೆ. ಮಧ್ಯಾಹ್ನ ಶಟರ್ ಎಳೆಯುವ ಅಂಗಡಿಗೆ ಎರಡು ಹೊತ್ತು ಬೇರೆಬೇರೆಯಾಗಿ ಹಾಕಿ: ಬೆಳಿಗ್ಗೆ 9:30ರಿಂದ 13:30, ಸಂಜೆ 16:30ರಿಂದ 21:00. ಇಪ್ಪತ್ತನಾಲ್ಕು ಗಂಟೆಯ ಲೆಕ್ಕದಲ್ಲೇ ಹಾಕುವುದು ಕ್ಷೇಮ, 9 ಎಂದರೆ ಬೆಳಿಗ್ಗೆಯೋ ರಾತ್ರಿಯೋ ಎನ್ನುವ ಗೊಂದಲವಿರುವುದಿಲ್ಲ. ವಾರದ ರಜೆ ನಮ್ಮಲ್ಲಿ ಭಾನುವಾರವೇ ಆಗಬೇಕೆಂದಿಲ್ಲ. ಟಿಫಿನ್ ಹೋಟೆಲುಗಳು ವಾರದಲ್ಲಿ ಒಂದೊಂದು ಒಂದೊಂದು ದಿನ ಮುಚ್ಚುತ್ತವೆ. ಗಲ್ಲಾದ ಹಿಂದೆ ತೂಗುಹಾಕಿದ ‘ವಾರದ ರಜೆ ಮಂಗಳವಾರ’ ಎನ್ನುವ ಫಲಕ ನೋಡಿ ಹಾಕಿ, ಊಹಿಸಿ ಹಾಕಬೇಡಿ.

ಅಮಾವಾಸ್ಯೆಗೆ ಮುಚ್ಚುವ ಅಂಗಡಿ ಸಿಕ್ಕರೆ ತಲೆನೋವು. ಈ ಸಮಯದ ವ್ಯಾಕರಣಕ್ಕೆ ಈಸ್ಟರ್ ಹಬ್ಬ ಗೊತ್ತು, ಅಮಾವಾಸ್ಯೆ ಗೊತ್ತಿಲ್ಲ! ಸದ್ಯಕ್ಕೆ ಇರುವ ದಾರಿಯೆಂದರೆ ಮಾಮೂಲು ಸಮಯ ತುಂಬಿ, ಕೊನೆಯಲ್ಲಿ ಉದ್ಧರಣ ಚಿಹ್ನೆಯೊಳಗೆ ‘ಅಮಾವಾಸ್ಯೆ ರಜೆ’ ಎಂದು ಟಿಪ್ಪಣಿ ಸೇರಿಸುವುದು. ಯಂತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಓದುವ ಮನುಷ್ಯನಿಗೆ ಗೊತ್ತಾಗುತ್ತದೆ.

ಹೆಸರು, ಕನ್ನಡದಲ್ಲಿ

ಪ್ರತಿ ಜಾಗಕ್ಕೂ ಒಂದು ಮುಖ್ಯ ಹೆಸರಿನ ಟ್ಯಾಗ್, ಅದರ ಜೊತೆಗೆ ಭಾಷೆವಾರು ಹೆಸರುಗಳು. ಕನ್ನಡಕ್ಕೆ ‘ನೇಮ್’ ಆದಮೇಲೆ ಕೋಲನ್ ಹಾಕಿ ‘ಕೆಎನ್’ ಎರಡಕ್ಷರ (name:kn). ಕರ್ನಾಟಕದಲ್ಲಿ ಮುಖ್ಯ ಟ್ಯಾಗಿನಲ್ಲಿ ಹೆಚ್ಚಿನ ಕಡೆ ಇಂಗ್ಲಿಷೇ ಇದೆ. ಅದನ್ನು ಒಬ್ಬರೇ ಕೂತು ಊರೆಲ್ಲ ಬದಲಿಸಲು ಹೊರಟರೆ ಜಗಳ ಶುರುವಾಗುತ್ತದೆ. ಕನ್ನಡದ ಟ್ಯಾಗ್ ತುಂಬಿದರೆ ಫೋನನ್ನು ಕನ್ನಡದಲ್ಲಿಟ್ಟವರಿಗೆ ಆರ್ಗ್ಯಾನಿಕ್ ಮ್ಯಾಪ್ಸ್‌ನಲ್ಲಿ ಕನ್ನಡ ಹೆಸರೇ ಕಾಣುತ್ತದೆ, ಕನ್ನಡದಲ್ಲಿ ಹುಡುಕಿದರೂ ಸಿಗುತ್ತದೆ. ಸ್ಟ್ರೀಟ್‌ಕಂಪ್ಲೀಟ್ ಹೆಸರು ಕೇಳುವಾಗ ಇನ್ನೊಂದು ಭಾಷೆ ಸೇರಿಸುವ ಗುಂಡಿ ಇದೆ, ಪಟ್ಟಿಯಲ್ಲಿ ಕನ್ನಡ ಆರಿಸಿ. ಎವ್ರಿ ಡೋರಿನಲ್ಲಿ ಟ್ಯಾಗುಗಳ ಕಚ್ಚಾ ಪಟ್ಟಿ ತೆರೆದು ಸೇರಿಸಬಹುದು.

ಬೋರ್ಡಿನ ಕಾಗುಣಿತ ನಿಮಗೆ ತಪ್ಪೆನಿಸಿದರೂ ತಿದ್ದಬೇಡಿ. ಅಂಗಡಿಯವರು ‘ಪ್ರಾವಿಷನ್’ ಎಂದು ಬರೆಸಿದ್ದರೆ ‘ಪ್ರಾವಿಷನ್’, ‘ಪ್ರಾವಿಜನ್’ ಎಂದಿದ್ದರೆ ‘ಪ್ರಾವಿಜನ್’. ಊರಿನ ಹೆಸರು 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಮೈಸೂರು ಎಂದಾದರೂ, ಅಂಗಡಿಯ ಬೋರ್ಡಿನಲ್ಲಿ ‘ಮೈಸೋರ್’ ಎಂದು ಉಳಿದಿದ್ದರೆ ಆ ಅಂಗಡಿಯ ಹೆಸರು ಅದೇ. ‘ಇಲ್ಲಿ ಎಲ್ಲಾ ಬಗೆಯ ದಿನಸಿ ಸಾಮಾನುಗಳು ದೊರೆಯುತ್ತವೆ’ ಎನ್ನುವ ಸಾಲು ಹೆಸರಲ್ಲ, ಪ್ರೊಪ್ರೈಟರ ಹೆಸರು ಅಂಗಡಿಯ ಹೆಸರಲ್ಲ. ‘ಶ್ರೀ’ ಬೋರ್ಡಿನಲ್ಲಿದ್ದರೆ ಬಿಡಬೇಡಿ. ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರದಲ್ಲಿರುವ ಪಿಡಿಎಫ್‌ನಿಂದ ನಕಲು ಮಾಡಿ ಅಂಟಿಸಿದರೆ ಕಾಣುವುದು ಕಸ, ಯೂನಿಕೋಡಿನಲ್ಲಿ ಕೈಯಿಂದಲೇ ಟೈಪ್ ಮಾಡಿ.

ಬಡಾವಣೆಯ ರಸ್ತೆ ಹೆಸರಿನಲ್ಲಿ ಇನ್ನೊಂದು ತೊಡಕು. ಫಲಕದಲ್ಲಿ ‘3ನೇ ಅಡ್ಡರಸ್ತೆ’, ಬಾಯಲ್ಲಿ ‘ಮೂರನೇ ಕ್ರಾಸ್’. ಫಲಕದ್ದನ್ನು ಕನ್ನಡ ಹೆಸರಿಗೆ ಹಾಕಿ, ಬಾಯಿಮಾತಿನದ್ದು ಪರ್ಯಾಯ ಹೆಸರಿನ ಟ್ಯಾಗಿಗೆ. ಸರಸ್ವತಿಪುರಂ, ಗೋಕುಲಂ, ಕುವೆಂಪುನಗರ ಎಲ್ಲ ಕಡೆಯೂ ಒಂದೊಂದು ಮೂರನೇ ಕ್ರಾಸ್ ಇದೆ. ವಿಳಾಸದಲ್ಲಿ ಬಡಾವಣೆ, ಹಂತ ಬರೆಯದಿದ್ದರೆ ಹುಡುಕುವ ಯಂತ್ರ ನಿಮ್ಮನ್ನು ಊರಿನ ಆಚೆ ತುದಿಗೆ ಕಳಿಸುತ್ತದೆ.

ಸ್ಟ್ರೀಟ್‌ಕಂಪ್ಲೀಟ್: ಕೇಳಿದ್ದಕ್ಕೆ ಉತ್ತರ

ಆ್ಯಂಡ್ರಾಯ್ಡಿಗೆ ಸಿಗುವ ಇದು ಟ್ಯಾಗ್ ಎನ್ನುವ ಪದವನ್ನೇ ನಿಮ್ಮ ಮುಂದೆ ತರುವುದಿಲ್ಲ. ನಕ್ಷೆಯ ಮೇಲೆ ಪಿನ್ನುಗಳು, ಪಿನ್ ಮುಟ್ಟಿದರೆ ಒಂದು ಪ್ರಶ್ನೆ: ಈ ರಸ್ತೆಯ ಮೇಲ್ಮೈ ಯಾವುದು? ರಾತ್ರಿ ದೀಪವಿದೆಯೇ? ಈ ಕಟ್ಟಡಕ್ಕೆ ಎಷ್ಟು ಮಹಡಿ? ಉತ್ತರ ಕೊಟ್ಟರೆ ತಾನೇ ಅಪ್‌ಲೋಡ್ ಆಗುತ್ತದೆ. ಬೇಡವಾದರೆ ಸೆಟ್ಟಿಂಗ್ಸ್‌ನಲ್ಲಿ ವೈಫೈನಲ್ಲಿ ಮಾತ್ರ ಎಂದಿಡಬಹುದು. ತಪ್ಪು ಒತ್ತಿದರೆ ಹಿಂದಕ್ಕೆ ಪಡೆಯುವ ಗುಂಡಿ ಇದೆ. ದೂರ ನಿಂತು ಉತ್ತರಿಸಿದರೆ ‘ಸ್ಥಳದಲ್ಲೇ ನೋಡಿದ್ದೀರಾ?’ ಎಂದು ಕೇಳುತ್ತದೆ, ಮೇಷ್ಟ್ರ ಹಾಗೆ.

ಮೊದಲ ದಿನ ತೆರೆದವರಿಗೆ ಪಿನ್ನುಗಳ ಜಾತ್ರೆ ಕಂಡು ಗಾಬರಿಯಾಗುತ್ತದೆ. ಸೆಟ್ಟಿಂಗ್ಸ್‌ನ ಪ್ರಶ್ನೆಗಳ ಪಟ್ಟಿಗೆ ಹೋಗಿ ಮೇಲ್ಮೈ, ದೀಪ, ಫುಟ್‌ಪಾತ್, ಹೆಸರು ಇಷ್ಟನ್ನೇ ಇಟ್ಟು ಉಳಿದವುಗಳ ಟಿಕ್ ತೆಗೆಯಿರಿ. ಕಟ್ಟಡದ ಪ್ರಶ್ನೆಗಳು ಮನೆಗಳಿಗೆಲ್ಲ ಬರುವುದರಿಂದ ಅವುಗಳಲ್ಲೇ ಸಂಜೆ ಕಳೆದುಹೋಗುತ್ತದೆ, ಕೊನೆಗೆ ಬಿಡಿ.

ಮೇಲ್ಮೈಗೆ ಚಿತ್ರ ತೋರಿಸುತ್ತದೆ, ಚಿತ್ರ ನೋಡಿಯೇ ಆರಿಸಿ, ಪದ ಓದಿ ಅಲ್ಲ. ನಮ್ಮ ಗುತ್ತಿಗೆದಾರರ ಬಾಯಲ್ಲಿ ‘ಗ್ರಾವೆಲ್ ರಸ್ತೆ’ ಎಂದರೆ ಗರಸು ಮಣ್ಣು ಹರಡಿ ರೋಲರ್ ಹೊಡೆದದ್ದು. ಓಪನ್‌ಸ್ಟ್ರೀಟ್‌ಮ್ಯಾಪ್‌ನ ‘ಗ್ರಾವೆಲ್’ ಎಂದರೆ ರೈಲ್ವೆ ಹಳಿಯ ಕೆಳಗಿರುವಂಥ ಚೂಪು ಜಲ್ಲಿ. ಗರಸು ರಸ್ತೆಗೆ ಸರಿಯಾದದ್ದು ‘ಕಾಂಪ್ಯಾಕ್ಟೆಡ್’. ಇದು ತಪ್ಪಿದರೆ ಸೈಕಲ್ ದಾರಿ ತೋರಿಸುವ ಆ್ಯಪ್‌ಗಳು ಒಳ್ಳೆಯ ಹಳ್ಳಿ ರಸ್ತೆಯನ್ನೇ ತಪ್ಪಿಸಿ ಸುತ್ತು ಹೊಡೆಸುತ್ತವೆ. ಇಂಟರ್‌ಲಾಕ್ ಇಟ್ಟಿಗೆಗೆ ‘ಪೇವಿಂಗ್ ಸ್ಟೋನ್ಸ್’. ರಸ್ತೆ ಅರ್ಧ ಡಾಂಬರು, ಅರ್ಧ ಕಾಂಕ್ರೀಟ್ ಆಗಿದ್ದರೆ ‘ಒಂದೇ ತರ ಇಲ್ಲ’ ಎನ್ನುವ ಉತ್ತರ ಕೊಟ್ಟು ಬದಲಾಗುವ ಜಾಗದಲ್ಲಿ ಕತ್ತರಿಸಿ, ಎರಡಕ್ಕೂ ಬೇರೆ ಬೇರೆ ಉತ್ತರ ಕೊಡಿ.

ದೀಪದ ಪ್ರಶ್ನೆಯಲ್ಲಿ ಒಂದು ಬಲ್ಬ್ ಹೋಗಿದೆಯೆಂದು ‘ಇಲ್ಲ’ ಒತ್ತಬೇಡಿ. ಕೇಳುತ್ತಿರುವುದು ಬೀದಿದೀಪದ ವ್ಯವಸ್ಥೆ ಇದೆಯೇ ಎಂದು, ಇವತ್ತು ಉರಿಯುತ್ತಿದೆಯೇ ಎಂದಲ್ಲ. ಫುಟ್‌ಪಾತ್ ಮೇಲೆ ಸ್ಕೂಟರ್ ನಿಂತಿದ್ದರೂ ಅದು ಫುಟ್‌ಪಾತೇ.

ಮನೆ ನಂಬರ್ ಪ್ರಶ್ನೆ ನಮ್ಮೂರಿನಲ್ಲಿ ಬಲು ಸೂಕ್ಷ್ಮ. ಗೇಟಿನ ಮೇಲೆ ಪ್ರಾಧಿಕಾರದ ಸೈಟ್ ನಂಬರ್ ಇರಬಹುದು, ಬಾಗಿಲಿನ ಮೇಲೆ ಪಾಲಿಕೆಯ ಡೋರ್ ನಂಬರ್, ಅದರ ಕೆಳಗೆ ‘ಹಳೇ ನಂ.’ ಎಂದು ಮತ್ತೊಂದು. ಹಾಕಬೇಕಾದ್ದು ಅಂಚೆಗೆ ಬಳಸುವ ಈಗಿನ ಡೋರ್ ನಂಬರ್, ಓರೆಗೆರೆ ಸಹಿತ ಇದ್ದ ಹಾಗೆ. ಆ್ಯಪ್ ‘ಈ ನಂಬರ್ ವಿಚಿತ್ರವಾಗಿದೆಯಲ್ಲ’ ಎಂದು ಅನುಮಾನಿಸಬಹುದು, ಖಚಿತವಾಗಿದ್ದರೆ ಹೌದೆಂದು ಒತ್ತಿ ಮುಂದುವರಿಯಿರಿ. ಮೂರರಲ್ಲಿ ಯಾವುದು ಸರಿ ಎಂದು ಗೊತ್ತಾಗದಿದ್ದರೆ ಖಾಲಿ ಬಿಡುವುದೇ ವಾಸಿ.

ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿ ಇದು ಎಷ್ಟು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇದೆಯೇ ಎಂದೆಲ್ಲ ಕೇಳಬಹುದು. ಜನ 1,008 ಎನ್ನುತ್ತಾರೆ, ಆ ಸಂಖ್ಯೆಯನ್ನು ಯಾವ ತುಂಡಿಗೂ ಹಾಕಬೇಡಿ. ನಕ್ಷೆಯಲ್ಲಿ ಮೆಟ್ಟಿಲ ದಾರಿ ತುಂಡುತುಂಡಾಗಿರುತ್ತದೆ, ನಂದಿಯ ಬಳಿ ರಸ್ತೆ ಸಿಗುವಲ್ಲಿ ಕಡಿಯುತ್ತದೆ. ಆಯಾ ತುಂಡಿಗೆ ಎಣಿಸಿದ ಸಂಖ್ಯೆ ಮಾತ್ರ. ಎಣಿಸುವ ತಾಳ್ಮೆ ಇಲ್ಲವೆಂದರೆ ಆ ಪ್ರಶ್ನೆಯನ್ನು ಮರೆಮಾಡಿ.

ಉತ್ತರ ಗೊತ್ತಿಲ್ಲದಿದ್ದರೆ ಫೋಟೋ ಸಮೇತ ಟಿಪ್ಪಣಿ ಬಿಡಬಹುದು. ಆ ಫೋಟೋ ಎಲ್ಲರಿಗೂ ಕಾಣುತ್ತದೆ, ಆದ್ದರಿಂದ ಮುಖ, ಗಾಡಿ ನಂಬರ್ ಬರದ ಹಾಗೆ ತೆಗೆಯಿರಿ. ಕೆ.ಆರ್.ಎಸ್. ಅಣೆಕಟ್ಟೆ, ನೋಟು ಮುದ್ರಣಾಲಯದ ಕಾಂಪೌಂಡು, ರಕ್ಷಣಾ ಪ್ರಯೋಗಾಲಯದ ಗೇಟು ಇಂಥಲ್ಲಿ ಫೋನ್ ಎತ್ತಲೇಬೇಡಿ. ಕಾವಲುಗಾರನಿಗೆ ಮುಕ್ತ ನಕ್ಷೆಯ ತತ್ವ ವಿವರಿಸುವಷ್ಟರಲ್ಲಿ ಸಂಜೆಯಾಗುತ್ತದೆ.

ನಾಲೆ ಏರಿ, ಹೆದ್ದಾರಿ: ವೆಸ್ಪುಚಿ ಮತ್ತು ಐಡಿ

ಮೈಸೂರಿನಲ್ಲಿ ಕೆಲಸ ಹೆಚ್ಚಾಗಿ ಚುಕ್ಕೆಗಳದ್ದು, ಮಂಡ್ಯದಲ್ಲಿ ಗೆರೆಗಳದ್ದು. ವಿಶ್ವೇಶ್ವರಯ್ಯ ನಾಲೆ, ಅದರ ಕವಲುಗಳು, ಉಪನಾಲೆಗಳು, ತೂಬು, ಏರಿ ಮೇಲಿನ ದಾರಿ, ಗದ್ದೆಗೆ ಇಳಿಯುವ ಬಂಡಿ ದಾರಿ. ಇದರಲ್ಲಿ ದೊಡ್ಡದು ಬಿಟ್ಟರೆ ಉಳಿದದ್ದು ನಕ್ಷೆಯಲ್ಲಿ ಅರೆಬರೆ.

ವೆಸ್ಪುಚಿ ಫೋನಿನಲ್ಲೇ ಪೂರ್ತಿ ಸಂಪಾದಕ. ಕಲಿಯಲು ಕಷ್ಟ, ಇದು ಅದರ ಕೊರತೆ. ಮೂಲೆಯ ಬೀಗದ ಗುರುತು ತೆರೆದಿದ್ದರೆ ಮಾತ್ರ ತಿದ್ದಬಹುದು. ತೆರೆದಿಟ್ಟೇ ನಕ್ಷೆ ಸರಿಸಲು ಹೋಗಿ ಯಾವುದೋ ಬಿಂದು ಬೆರಳಿಗೆ ಸಿಕ್ಕು ರಸ್ತೆಯೇ ಗದ್ದೆಗೆ ಹೋಗುವುದು ಹೊಸಬರ ಮಾಮೂಲು ಅನಾಹುತ. ಸರಿಸುವಾಗ ಬೀಗ ಹಾಕಿ. ನಮ್ಮ ಸಲಹೆ: ಸ್ಥಳದಲ್ಲಿ ಜಿಪಿಎಸ್ ಜಾಡು ಮಾತ್ರ ದಾಖಲಿಸಿ, ಎಳೆಯುವ ಕೆಲಸವನ್ನು ಮನೆಯಲ್ಲಿ ಐಡಿಯಲ್ಲಿ ಮಾಡಿ.

ಐಡಿಯಲ್ಲಿ ಕೂರುವ ಮೊದಲು ಉಪಗ್ರಹ ಚಿತ್ರ ಪಕ್ಕಕ್ಕೆ ಸರಿದಿದೆಯೇ ನೋಡಿಕೊಳ್ಳಿ. ಚಿತ್ರ ನೆಲಕ್ಕೆ ಹೋಲಿಸಿದರೆ ಕೆಲವು ಮೀಟರ್ ಪಕ್ಕಕ್ಕಿರುವುದುಂಟು. ಹಿನ್ನೆಲೆಯ ಸೆಟ್ಟಿಂಗಿನಲ್ಲಿ ಚಿತ್ರವನ್ನು ಜರುಗಿಸಿ, ನಿಮ್ಮ ಜಾಡು ರಸ್ತೆಯ ನಡುವೆ ಕೂರುವ ಹಾಗೆ ಮಾಡಿಕೊಳ್ಳಿ. ಒಂದೇ ಜಾಡು ನಂಬಬೇಡಿ, ಹೋಗಿ ಬಂದ ಎರಡರ ನಡುವಿನದ್ದು ಲೆಕ್ಕ. ಜಾಡನ್ನು ಸಾರ್ವಜನಿಕವಾಗಿ ಸೇರಿಸುವುದಾದರೆ ಮನೆ ಬಾಗಿಲಿನಿಂದ ಶುರುವಾಗುವ ತುಂಡು ಕತ್ತರಿಸಿ.

ನಾಲೆಗೆ ನೀರು ನಿಲ್ಲಿಸಿದ ತಿಂಗಳಲ್ಲಿ ತೆಗೆದ ಚಿತ್ರದಲ್ಲಿ ಒಣ ನಾಲೆ ಅಚ್ಚುಕಟ್ಟಾದ ಮಣ್ಣು ರಸ್ತೆಯಂತೆ ಕಾಣುತ್ತದೆ. ದೂರದ ಊರಿನಲ್ಲಿ ಕೂತು ಚಿತ್ರ ನೋಡಿ ಗೆರೆ ಎಳೆಯುವವರು ಅದನ್ನು ರಸ್ತೆಯೆಂದೇ ಎಳೆದುಬಿಡಬಹುದು. ಪಕ್ಕದ ಏರಿಯೂ ರಸ್ತೆ, ನಾಲೆಯೂ ರಸ್ತೆ! ಇಲ್ಲೇ ಊರಿನವರ ಕಣ್ಣು ಬೇಕಾಗುವುದು. ಆಳೆತ್ತರದ ಕಬ್ಬಿನ ನಡುವಿನ ಬಂಡಿ ದಾರಿ ಚಿತ್ರದಲ್ಲಿ ಕಾಣುವುದೇ ಇಲ್ಲ, ಅದೂ ಊರಿನವರಿಂದಲೇ ಬರಬೇಕು.

ನಾಲೆಯನ್ನು ನೀರು ಹರಿಯುವ ದಿಕ್ಕಿಗೇ ಎಳೆಯಬೇಕು, ಗೆರೆಯ ದಿಕ್ಕೇ ಹರಿವಿನ ದಿಕ್ಕು. ಉಲ್ಟಾ ಆಗಿದ್ದರೆ ಗೆರೆ ಆರಿಸಿ ದಿಕ್ಕು ತಿರುಗಿಸಿ. ದೊಡ್ಡ ನಾಲೆಯ ಮೇಲೆ ರಸ್ತೆ ದಾಟುವ ಕಡೆ ರಸ್ತೆಯ ತುಂಡಿಗೆ ಸೇತುವೆ, ಪದರ (ಯಾವುದು ಮೇಲೆ, ಯಾವುದು ಕೆಳಗೆ ಎಂದು ಹೇಳುವ ಲೇಯರ್ ಟ್ಯಾಗ್) ಒಂದು. ಸಣ್ಣ ಉಪನಾಲೆ ಮೋರಿ ಕೊಳವೆಯಲ್ಲಿ ರಸ್ತೆಯ ಅಡಿ ಹೋಗುವ ಕಡೆ ನಾಲೆಯ ತುಂಡಿಗೆ ಕಲ್ವರ್ಟ್, ಪದರ ಮೈನಸ್ ಒಂದು. ಎರಡನ್ನೂ ಮಾಡದೆ ಬಿಟ್ಟರೆ ಸೇವ್ ಮಾಡುವಾಗ ಐಡಿ ‘ಗೆರೆಗಳು ಒಂದನ್ನೊಂದು ದಾಟುತ್ತಿವೆ’ ಎಂದು ಎಚ್ಚರಿಸುತ್ತದೆ, ಸೇತುವೆಯೋ ಕಲ್ವರ್ಟೋ ಸೇರಿಸುವ ಗುಂಡಿಯನ್ನೂ ಕೊಡುತ್ತದೆ. ತೂಬಿಗೆ ‘ಸ್ಲೂಯಿಸ್ ಗೇಟ್’. ಏರಿ ದಾರಿಗೆ ‘ಟ್ರ್ಯಾಕ್’, ಗರಸು ಹಾಕಿ ಗಟ್ಟಿ ಮಾಡಿದ್ದರೆ ಎರಡನೇ ದರ್ಜೆ, ಬರೀ ಮಣ್ಣಾದರೆ ನಾಲ್ಕು-ಐದು.

ನಾಲೆ ಪಕ್ಕದ ರಸ್ತೆಗೆ ತಡೆಗೋಡೆ ಇದೆಯೋ ಇಲ್ಲವೋ ಎನ್ನುವುದು ಮಂಡ್ಯದಲ್ಲಿ ಸಣ್ಣ ವಿವರವಲ್ಲ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ಇದೇ ನಾಲೆಗೆ ಉರುಳಿ 30 ಜನ ತೀರಿಕೊಂಡರು. ಕಬ್ಬಿಣದ ತಡೆ ಇರುವ ಉದ್ದಕ್ಕೆ ರಸ್ತೆಯ ಪಕ್ಕ ಬೇರೆ ಗೆರೆ ಎಳೆದು ‘ಗಾರ್ಡ್ ರೇಲ್’ ಎಂದು ಹಾಕಿ. ಎಲ್ಲಿ ಶುರು, ಎಲ್ಲಿ ಕೊನೆ ಎನ್ನುವುದನ್ನು ನಡೆದು ನೋಡಿಯೇ ಹಾಕಬೇಕು. ಸ್ಟ್ರೀಟ್‌ಕಂಪ್ಲೀಟ್ ಇದನ್ನು ನಿಮ್ಮಿಂದ ಎಳೆಸುವುದಿಲ್ಲ.

ಬೆಂಗಳೂರು–ಮೈಸೂರು ಹೆದ್ದಾರಿಯ ವಿಷಯ ಇನ್ನೂ ನಾಜೂಕು. ನಡುವಿನ ಆರು ಲೇನು, ಎರಡೂ ಬದಿಯ ಸರ್ವಿಸ್ ರಸ್ತೆ, ನಡುವೆ ತಡೆ ಇರುವುದರಿಂದ ಹೋಗುವ ಮೂರು ಲೇನಿಗೊಂದು, ಬರುವ ಮೂರು ಲೇನಿಗೊಂದು, ಪ್ರತಿ ಸರ್ವಿಸ್ ರಸ್ತೆಗೊಂದು ಬೇರೆ ಗೆರೆ. 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ಲೇನುಗಳಲ್ಲಿ ಪ್ರವೇಶವಿಲ್ಲ. ಆ ನಿಷೇಧ ಮುಖ್ಯ ಲೇನಿನ ಪ್ರತಿ ತುಂಡಿಗೂ ವಾಹನದ ಬಗೆವಾರು ‘ನೋ’ ಎಂದು ಇರಬೇಕು. ಒಂದು ತುಂಡು ತಪ್ಪಿದರೂ ಬೈಕಿನವರಿಗೆ ದಾರಿ ತೋರಿಸುವ ಆ್ಯಪ್ ಅಲ್ಲಿಂದಲೇ ನುಗ್ಗಿಸುತ್ತದೆ. ಇದಕ್ಕಿಂತ ಕೆಟ್ಟ ತಪ್ಪೆಂದರೆ, ಪಕ್ಕಪಕ್ಕದಲ್ಲಿ ಕಾಣುತ್ತವೆಂದು ಸರ್ವಿಸ್ ರಸ್ತೆಯನ್ನು ಮುಖ್ಯ ಲೇನಿಗೆ ಒಂದು ಬಿಂದುವಿನಲ್ಲಿ ಅಂಟಿಸಿಬಿಡುವುದು. ನೆಲದ ಮೇಲೆ ತಡೆ, ನಕ್ಷೆಯಲ್ಲಿ ದಾರಿ. ಪ್ರವೇಶ, ನಿರ್ಗಮನ ನಿಜವಾಗಿ ಇರುವ ಜಾಗ ಬಿಟ್ಟು ಬೇರೆಲ್ಲೂ ಬಿಂದು ಹಂಚಿಕೊಳ್ಳಬಾರದು. ಅಂಡರ್‌ಪಾಸ್‌ಗಳಲ್ಲೂ ಹಾಗೇ: ಮೇಲಿನದು ಸೇತುವೆ, ಕೆಳಗಿನದು ಸುಮ್ಮನೆ ಅಡಿಯಲ್ಲಿ ಹಾಯ್ದು ಹೋಗಬೇಕು, ಅಂಟಬಾರದು. ಈ ರಸ್ತೆಯಲ್ಲಿ ಅನುಭವವಿಲ್ಲದವರು ಕೈಹಾಕದೆ ಟಿಪ್ಪಣಿ ಬಿಟ್ಟರೆ ಉಪಕಾರ.

ಆಲೆಮನೆಗೆ ಯಾವ ಆ್ಯಪ್‌ನ ಮೆನುವಿನಲ್ಲೂ ಜಾಗವಿಲ್ಲ. ವರ್ಷವರ್ಷವೂ ಅದೇ ಜಾಗದಲ್ಲಿ ಚಿಮಣಿ ಕಟ್ಟಿ ನಡೆಯುವಂಥದ್ದಾದರೆ ‘ವರ್ಕ್ಸ್’ ಎಂದು ಹಾಕಿ, ಉತ್ಪನ್ನದ ಟ್ಯಾಗಿನಲ್ಲಿ ಬೆಲ್ಲಕ್ಕೆ ಇಂಗ್ಲಿಷ್ ಪದ ಕೈಯಿಂದ ಬರೆಯಿರಿ, ಕನ್ನಡ ಹೆಸರಿನಲ್ಲಿ ಊರವರು ಕರೆಯುವ ಹೆಸರು. ಈ ಹಂಗಾಮು ಇಲ್ಲಿ, ಮುಂದಿನ ಹಂಗಾಮು ಇನ್ನೊಂದು ಹೊಲದಲ್ಲಿ ಎನ್ನುವಂಥದ್ದು ನಕ್ಷೆಗೆ ಬೇಡ.

ಎಲ್ಲಕ್ಕೂ ಅನ್ವಯಿಸುವ ನಾಲ್ಕು ಮಾತು

ಬೇರೆ ಕಂಪನಿಯ ನಕ್ಷೆ ತೆರೆದಿಟ್ಟು ಅದರಿಂದ ಹೆಸರು, ಜಾಗ ನಕಲು ಮಾಡುವುದು ಖಡಾಖಂಡಿತ ನಿಷಿದ್ಧ. ಸಿಕ್ಕಿಬಿದ್ದರೆ ನಿಮ್ಮ ಉಳಿದ ಕೆಲಸವನ್ನೂ ಕಿತ್ತು ಹಾಕಬೇಕಾಗುತ್ತದೆ. ಬೋರ್ಡು, ನಿಮ್ಮ ಕಣ್ಣು, ಅನುಮತಿಯಿರುವ ಉಪಗ್ರಹ ಚಿತ್ರ ಇಷ್ಟೇ ಮೂಲ. ಖಾತೆಯ ಹೆಸರು ನಿಜವಾದ ಹೆಸರಾಗಬೇಕಿಲ್ಲ. ಯಾವ ತಾರೀಖು, ಎಷ್ಟು ಗಂಟೆಗೆ ಏನು ತಿದ್ದಿದಿರಿ ಎನ್ನುವುದೆಲ್ಲ ಬಹಿರಂಗವಾಗಿ ಉಳಿಯುತ್ತದೆ, ಅದರಿಂದ ನಿಮ್ಮ ಮನೆ ಯಾವ ಬೀದಿಯಲ್ಲಿದೆ ಎಂದು ಊಹಿಸುವುದು ಸುಲಭ. ತಿದ್ದುಪಡಿಯ ವಿವರ ಕೇಳುವ ಜಾಗದಲ್ಲಿ ಬರೀ ‘ಅಪ್‌ಡೇಟ್’ ಎಂದು ಬರೆದು ಬಿಡಬೇಡಿ, ‘ಗೋಕುಲಂ 3ನೇ ಹಂತ, ಅಂಗಡಿಗಳು, ಸ್ಥಳಕ್ಕೆ ಹೋಗಿ ನೋಡಿದ್ದು’ ಎಂದು ಬರೆದರೆ ಆಮೇಲೆ ಜಗಳವಾದಾಗ ನಿಮ್ಮ ಪರವಾಗಿ ನಿಲ್ಲುವುದು ಆ ಒಂದು ಸಾಲೇ.

ಅಪ್‌ಲೋಡ್ ಆದ ಅಂಗಡಿ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಸ್ವಂತ ತಾಣದಲ್ಲಿ ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಕಾಣುತ್ತದೆ. ಹಳೆಯ ಚಿತ್ರವೇ ಬಂದರೆ ಬ್ರೌಸರಿನ ಸಂಗ್ರಹ ಅಳಿಸಿ ನೋಡಿ. ಆಫ್‌ಲೈನ್ ಆ್ಯಪ್‌ಗಳಲ್ಲಿ ಕಾಣಲು ಅವರು ಹೊಸ ನಕ್ಷೆ ಫೈಲ್ ಬಿಡುವ ತನಕ, ನೀವು ಅದನ್ನು ಇಳಿಸಿಕೊಳ್ಳುವ ತನಕ ಕಾಯಬೇಕು. ‘ನಾನು ಸೇರಿಸಿದ ಮೆಡಿಕಲ್ ಸ್ಟೋರ್ ಫೋನಿನಲ್ಲಿ ಬರಲೇ ಇಲ್ಲ’ ಎಂದು ಮರುದಿನ ಮತ್ತೊಮ್ಮೆ ಸೇರಿಸುವ ಮೊದಲು ಮೂಲ ತಾಣ ತೆರೆದು ನೋಡಿ. ಅಲ್ಲಿದ್ದರೆ ನಿಮ್ಮ ಕೆಲಸ ಆಗಿದೆ, ಹಳೆಯದು ನಿಮ್ಮ ಫೋನಿನ ಫೈಲು.